ದಡದ ಭಾಷೆ

ಜೂನ್ ೩, ಸೋಮವಾರ

ಇವತ್ತೂ ಸೂಪ್ ಚೆಲ್ಲಿತು. ಈ ಸಲ ಅಪ್ಪನ ತೊಡೆಯ ಮೇಲೆ. ಸೂಪ್ ಅಂದರೆ ಬರೀ ನೀರು — ಅಭ್ಯಾಸಕ್ಕೆ ಅಷ್ಟು ಸಾಕು ಎಂದು ಅವರೇ ಹೇಳಿದ್ದು. ಉಗುರುಬೆಚ್ಚಗಿತ್ತು, ಸದ್ಯ.

"ಯುದ್ಧ ಇಲ್ಲ, ಬಿರುಗಾಳಿ ಇಲ್ಲ, ಮನೆಯೊಳಗೇ ಮುಳುಗಿಸ್ತೀಯಲ್ಲೇ ನನ್ನ!"

"ಕೈ ನಡುಗ್ತು ಅಪ್ಪ."

"ನಡುಗಿದ್ದು ಕೈ ಅಲ್ಲ. ಬಟ್ಟಲು ನೋಡ್ಕೊಂಡು ಬರ್ತಿದೀಯ. ಬಟ್ಟಲು ನೋಡಿದ್ರೆ ಚೆಲ್ಲೇ ಚೆಲ್ಲತ್ತೆ. ಎದುರಿಗೆ ನೋಡು. ನಡಿ, ಇನ್ನೊಂದ್ಸಲ."

ಬಾಗಿಲಿಂದ ಮೇಜಿಗೆ, ಮೇಜಿನಿಂದ ಬಾಗಿಲಿಗೆ. ಸಂಜೆಯೆಲ್ಲ ಇದೇ. ಅಪ್ಪ ಮೇಜಿನ ಮುಖ್ಯ ತುದಿಗೆ ಅಡ್ಮಿರಲ್ ಆಗಿ ಕೂತಿರುತ್ತಾರೆ — ಸವೆದ ಬನಿಯನ್, ಕೊರಳಿಗೆ ಟವೆಲ್, ಎಪ್ಪತ್ತೊಂಬತ್ತು ವರ್ಷದ ಗತ್ತು. ನಿಜದಲ್ಲಿ ಅವರು ಅಡ್ಮಿರಲ್‌ಗಳ ಬೆನ್ನ ಹಿಂದೆ ನಿಂತವರು. ನೌಕಾಪಡೆಯ ಹಡಗುಗಳಲ್ಲಿ ಮೂವತ್ತು ವರ್ಷ ಊಟ ಬಡಿಸುವ ಸ್ಟೀವರ್ಡ್. ಈಗ ಕುರ್ಚಿ ಸಿಕ್ಕಿದೆ, ಏಳುತ್ತಿಲ್ಲ.

ಕೆಲಸದ ಜಾಹೀರಾತು ಪೇಪರಿನಲ್ಲಿ ಹುಡುಕಿದ್ದೂ ಅವರೇ. ಕಾಲೇಜಿನಲ್ಲಿ ನಮ್ಮ ವಿಭಾಗ ಮುಚ್ಚಿದ ವಾರ. ಕವಿತೆ ಓದಲು ಯಾರೂ ಸೇರುತ್ತಿಲ್ಲ, ನಿಮ್ಮ ಸೇವೆಗೆ ಧನ್ಯವಾದ ಎಂದು ಪ್ರಿನ್ಸಿಪಾಲರು ಕೈಮುಗಿದಿದ್ದರು. ನೌಕಾಪಡೆಯ ಬೇಸ್‌ನ ಆಫೀಸರ್ಸ್ ಮೆಸ್‌ಗೆ ಸಿವಿಲಿಯನ್ ಸೂಪರ್‌ವೈಸರ್ ಬೇಕು, ಮೊದಲು ಟ್ರೇನಿ, ನಿವೃತ್ತರ ಮಕ್ಕಳಿಗೆ ವಯಸ್ಸಿನ ರಿಯಾಯಿತಿ. ನನಗೆ ನಲವತ್ತೆಂಟು. ಎಂ.ಎ. ಮಾಡಿದ್ದು ಕಾವ್ಯದಲ್ಲಿ. ಅಪ್ಪ ಜಾಹೀರಾತಿಗೆ ಪೆನ್ನಿನಲ್ಲಿ ಸುತ್ತು ಹಾಕಿ ಚಹಾದ ಪಕ್ಕ ಇಟ್ಟಿದ್ದರು.

"ಇಪ್ಪತ್ತು ವರ್ಷ ಗೆಸ್ಟ್ ಲೆಕ್ಚರರ್ ಆಗಿದ್ದೆ. ಇನ್ಮೇಲೆ ಗೆಸ್ಟ್‌ಗಳಿಗೆ ಬಡಿಸು."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಕ್ಕಿದ್ದೆ.

ಜೂನ್ ೭, ಶುಕ್ರವಾರ

ಬೈಸಿಕೊಂಡೆ ಇವತ್ತು. ಚೆನ್ನಾಗಿ.

ಮಧ್ಯಾಹ್ನದ ಊಟ. ಎಳೆ ಮೀಸೆಯ ಲೆಫ್ಟಿನೆಂಟ್ ಒಬ್ಬ ಅರ್ಧ ತಟ್ಟೆ ಬಿಟ್ಟು ಕಿಟಕಿ ನೋಡುತ್ತಿದ್ದ. ನನ್ನ ಬಾಯಿ ತಾನಾಗಿ ಅಂದುಬಿಟ್ಟಿತು: "ಏನೂ ತಿಂದೇ ಇಲ್ವಲ್ಲಪ್ಪಾ..." ಮೇಜಿನ ಸುತ್ತ ಇದ್ದವರೆಲ್ಲ ನ್ಯಾಪ್ಕಿನ್ನಿನಲ್ಲಿ ಮುಖ ಮುಚ್ಚಿಕೊಂಡರು. ಅವನು ಕಿವಿಯವರೆಗೂ ಕೆಂಪಾಗಿ ಪೂರ್ತಿ ತಿಂದ.

ಊಟದ ಹಾಲಿನ ಹಿಂದಿನ ಪ್ಯಾಂಟ್ರಿಯಲ್ಲಿ ಚೀಫ್ ಕಾಯುತ್ತಿದ್ದರು. ಹಿರಿಯ ಸ್ಟೀವರ್ಡ್, ನಮ್ಮನ್ನು ಪಳಗಿಸುವವರು ಇವರೇ. ಸರ್ವಿಸ್‌ನಲ್ಲಿ ಕೊನೆಯ ವರ್ಷ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಪ್ಪನ ಕೈಕೆಳಗೆ ಒಂದೇ ಹಡಗಿನಲ್ಲಿದ್ದರಂತೆ. ಅಪ್ಪನನ್ನು ಈಗಲೂ 'ದೊಡ್ಡ ಚೀಫ್' ಎನ್ನುತ್ತಾರೆ. ಹಾಗಂತ ನನಗೆ ವಿನಾಯಿತಿ ಏನಿಲ್ಲ.

"ಮೇಡಂ, ಅವರು ನಿಮ್ಮನೆಗೆ ಬಂದ ಬೀಗರಲ್ಲ. ಬಲವಂತ ಮಾಡೋ ಹಾಗಿಲ್ಲ."

"ಪಾಪ, ಅರ್ಧಕ್ಕೇ ಬಿಟ್ಟಿದ್ದ ಚೀಫ್..."

"ಬಿಡಲಿ. ಸಾಕು ಅಂದ್ರೆ ಸಾಕು. ಅದನ್ನ ಅವರು ಬಾಯಿಬಿಟ್ಟು ಹೇಳೋ ತನಕ ಕಾಯ್ಬಾರ್ದು, ಮೊದ್ಲೇ ತಿಳ್ಕೋಬೇಕು. ಇನ್ನೊಂದು ಮಾತು — ನೀವು ಟ್ರೇ ಹಿಡ್ಕೊಂಡು ಬರೋದು ನೋಡಿದ್ರೆ ಊಟಕ್ಕೋ ಶೋಕಸಭೆಗೋ ಗೊತ್ತಾಗಲ್ಲ. ಸ್ವಲ್ಪ ಜೀವ ಇರಲಿ ನಡಿಗೇಲಿ."

ಜೊತೆಯ ಟ್ರೇನಿಗೆ ಇಪ್ಪತ್ಮೂರು. ಎಲ್ಲರೂ ಪಟಾಕಿ ಎಂದೇ ಕರೆಯುತ್ತಾರೆ. ಚೀಫ್ ಹೋದ ಮೇಲೆ ಗ್ಲಾಸು ಒರೆಸುತ್ತ ಕೇಳಿದಳು: "ನಿಮ್ಮನ್ನ ಅಕ್ಕ ಅನ್ಲಾ, ಆಂಟಿ ಅನ್ಲಾ?"

"ಅಜ್ಜಿ ಒಂದು ಬಿಟ್ಟು ಏನಾದ್ರೂ ಅನ್ನು."

"ಆ ಲೆಫ್ಟಿನೆಂಟ್ ಅಜ್ಜಿ ಅಂತಲೇ ಅಂದ್ಕೊಂಡಿರ್ತಾನೆ ಬಿಡಿ ಅಕ್ಕ."

ಸಾಕು. ಈ ಪದವನ್ನೇ ಯೋಚಿಸುತ್ತ ಬಸ್ಸಿನಲ್ಲಿ ಬಂದೆ. ನಮ್ಮಲ್ಲಿ ಮೊದಲನೆಯ 'ಸಾಕು' ಅನ್ನು ಯಾರು ನಂಬುತ್ತಾರೆ? ಅದು ಸಂಕೋಚದ್ದು. ಎರಡನೆಯದು ಮಾತಿಗೆ. ಮೂರನೆಯ ಸಲ ತಟ್ಟೆಗೆ ಕೈ ಅಡ್ಡ ಹಿಡಿದಾಗ ಮಾತ್ರ ನಿಜ. ಆಗಲೂ ಅಮ್ಮ ಬೆರಳ ಸಂದಿಯಿಂದ ಹಾಕುತ್ತಿದ್ದಳು.

ಜೂನ್ ೧೨, ಬುಧವಾರ

ಇವತ್ತಿನ ಕ್ಲಾಸು ಇಷ್ಟವಾಯಿತು. ಮೊದಲ ಸಲ.

ಟ್ರೇನಿಂಗ್ ಸ್ಕೂಲಿನ ಇನ್‌ಸ್ಟ್ರಕ್ಟರ್ ಬೋರ್ಡಿನ ಮೇಲೆ ತಟ್ಟೆಗಳನ್ನು ಬರೆದರು, ಬರೀ ವೃತ್ತಗಳು. ಒಂದರಲ್ಲಿ ಚಮಚ, ಫೋರ್ಕು ಅಡ್ಡಡ್ಡ: ಇನ್ನೂ ತಿನ್ನುತ್ತಿದ್ದೇನೆ, ಮುಟ್ಟಬೇಡಿ. ಇನ್ನೊಂದರಲ್ಲಿ ಎರಡೂ ಜೋಡಿಯಾಗಿ, ಹಿಡಿ ತಮ್ಮ ಕಡೆಗೆ: ಮುಗಿಯಿತು, ತೆಗೆಯಬಹುದು. ಅತಿಥಿ ಮಾತಾಡುವುದಿಲ್ಲ, ನಾವು ಕೇಳುವುದಿಲ್ಲ. ಎರಡೇ ಅಕ್ಷರದ ಲಿಪಿ. ಇಪ್ಪತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟದ್ದೂ ಇದನ್ನೇ ಅಲ್ಲವೇ — ಹೇಳದೆ ಬಿಟ್ಟದ್ದನ್ನು ಓದುವುದು.

ಊಟದ ಹೊತ್ತಿಗೆ ಅಪ್ಪನಿಗೆ ಒಪ್ಪಿಸಿದೆ. ಮನೆಯಲ್ಲಿ ಕೈಯಲ್ಲೇ ಉಣ್ಣುವವರು ನಾವು, ಫೋರ್ಕ್ ಇಲ್ಲ. ಎರಡು ಚಮಚ ಇಟ್ಟು ತೋರಿಸಿದೆ. ಅಪ್ಪ ಅಗಿಯುತ್ತ ನೋಡಿದರು. ನಕ್ಕರು.

"ಅದು ದಡದ ಭಾಷೆ ಕಣೇ."

"ಹಾಗಂದ್ರೆ?"

ಬೆರಳೆತ್ತಿದರು, ಏನೋ ಹೇಳಲು. ಅಷ್ಟರಲ್ಲಿ ಅಣ್ಣನ ಫೋನು. ಅವನ ಮಂಡಿನೋವು, ಅತ್ತಿಗೆಯ ಅಕ್ಕನ ಗೃಹಪ್ರವೇಶ, ಮತ್ತೆ ಮಂಡಿನೋವು. ಅಪ್ಪ ಕೈತೊಳೆದು ಮಲಗಿಬಿಟ್ಟರು.

ದಡದ ಭಾಷೆ. ಎಂಥ ಮಾತು! ಒಂದು ಪುಸ್ತಕ ಕವಿತೆ ಓದಿದವರಲ್ಲ, ಆದರೂ ಒಮ್ಮೊಮ್ಮೆ ಹೀಗೆ ಆಡಿಬಿಡುತ್ತಾರೆ. ಮತ್ತೆ ಕೇಳಬಾರದು ಎನ್ನಿಸಿತು. ಇಂಥ ಮಾತಿಗೆ ಅರ್ಥ ಕೇಳಿದರೆ ಅದು ಬಾಡಿಹೋಗುತ್ತದೆ.

ಜೂನ್ ೨೦, ಗುರುವಾರ

ಸೂಪ್ ಚೆಲ್ಲಲಿಲ್ಲ. ಎಂಟು ಜನ, ಎಂಟು ಬಟ್ಟಲು. ಎದುರಿಗೆ ನೋಡುತ್ತ ನಡೆದೆ. ಚೀಫ್ ಹುಬ್ಬು ಮಾತ್ರ ಎತ್ತಿದರು. ಅವರ ಲೆಕ್ಕದಲ್ಲಿ ಅದು ಚಪ್ಪಾಳೆ.

ಅಪ್ಪನಿಗೆ ಹೇಳಿದೆ. ಎದ್ದು ನಿಂತು ಸಲ್ಯೂಟ್ ಹೊಡೆದರು. ಪಂಚೆ ಜಾರಿತು. ಇಬ್ಬರೂ ನೆಲದ ಮೇಲೆ ಕೂತು ನಕ್ಕೆವು.

ಜುಲೈ ೧, ಸೋಮವಾರ. ಆಸ್ಪತ್ರೆ

ಬರೆಯಲಾಗಿರಲಿಲ್ಲ.

ಇಪ್ಪತ್ತೆರಡರ ಬೆಳಗ್ಗೆ. ಶೂ ಹಾಕಿಕೊಳ್ಳುತ್ತಿದ್ದೆ. ಬಚ್ಚಲಲ್ಲಿ ಚೊಂಬು ಬಿದ್ದ ಸದ್ದು. ಕರೆದೆ. ಉತ್ತರ ಬಂತು, ಆದರೆ ಅದು ಮಾತಾಗಿರಲಿಲ್ಲ.

ಸ್ಟ್ರೋಕ್. ಬಲಗೈ ಬಲಗಾಲು ಇಲ್ಲ. ಮಾತು ಇಲ್ಲ. ಎಡಗೈ ಇದೆ. ಕಣ್ಣು ಇದೆ, ನನ್ನನ್ನು ಹಿಂಬಾಲಿಸುತ್ತದೆ. ನುಂಗುವುದು ಕಷ್ಟ; ನೀರು ಕೊಟ್ಟರೆ ಕೆಮ್ಮು ಹತ್ತಿ ಮುಖ ನೀಲಿಯಾಗುತ್ತದೆ. ಗಟ್ಟಿ ಗಂಜಿಯಂಥದ್ದು ಒಂದೊಂದೇ ಚಮಚ.

ಅಣ್ಣ ಬಂದಿದ್ದಾನೆ. ಬಂದವನೇ ಅಪ್ಪನ ಪಾದ ಹಿಡಿದುಕೊಂಡು ಕೂತ. ಎಡಪಾದವೋ ಬಲಪಾದವೋ ನೋಡದೆ. ಆಮೇಲೆ ಹೇಳಿದೆ, ಅದರಲ್ಲಿ ಸ್ಪರ್ಶ ಗೊತ್ತಾಗುವುದಿಲ್ಲ ಎಂದು. "ಗೊತ್ತಾಗೋ ಕಾಲು ಯಾವ್ದು?" ಎಂದು ಕೇಳಿ ಆ ಕಡೆಗೆ ಸ್ಟೂಲು ಎಳೆದುಕೊಂಡ.

ಜುಲೈ ೩, ಬುಧವಾರ

ಡಾಕ್ಟರಮ್ಮ ಪರೀಕ್ಷೆ ಮಾಡಿದರು. ಚಿಕ್ಕ ವಯಸ್ಸು, ದಣಿದ ಮುಖ, ಮೆಲುದನಿ.

"ತಾತಾ, ನೀವು ಆಸ್ಪತ್ರೇಲಿದೀರಾ?"

ಅಪ್ಪ ತಲೆಯಾಡಿಸಿದರು. ಹೂಂ.

"ನಿಮಗೆ ಮೂರು ಕಣ್ಣಿದೆಯಾ?"

ಹೂಂ.

ನನ್ನನ್ನು ತೋರಿಸಿ: "ಇವರು ನಿಮ್ಮ ಅಮ್ಮಾನಾ?"

ಹೂಂ. ನಕ್ಕರು ಕೂಡ, ಅರ್ಧ ಮುಖದಿಂದ.

ಹೊರಗೆ ಕಾರಿಡಾರಿನಲ್ಲಿ ಡಾಕ್ಟರಮ್ಮ ವಿವರಿಸಿದರು. ಏನು ಕೇಳಿದರೂ ಹೂಂ ಎನ್ನುವುದು ಈ ಕಾಯಿಲೆಯಲ್ಲಿ ಇದ್ದದ್ದೇ. ಅದನ್ನು ಒಪ್ಪಿಗೆ ಎಂದು ತೆಗೆದುಕೊಳ್ಳಬಾರದು. ಒಳಗೆ ಎಷ್ಟು ತಿಳಿಯುತ್ತಿದೆಯೋ ಹೇಳಲಾಗದು. ಸ್ವಲ್ಪ ತಿಳಿಯುತ್ತಿರಬಹುದು, ತುಂಬ ತಿಳಿಯುತ್ತಿರಲೂಬಹುದು.

ಜುಲೈ ೬, ಶನಿವಾರ

ಎಡಗೈಯಲ್ಲಿ ಚಮಚ ಹಿಡಿಯಲು ಕಲಿಸುತ್ತಿದ್ದಾರೆ. ಮೂರನೇ ದಿನ. ಆಸ್ಪತ್ರೆಯ ಟ್ರೇಯಲ್ಲಿ ಚಮಚದ ಜೊತೆ ಫೋರ್ಕೂ ಬರುತ್ತದೆ, ಎಲ್ಲ ರೋಗಿಗಳಿಗೂ ಒಂದೇ ಟ್ರೇ. ಗಂಜಿಗೆ ಫೋರ್ಕು ಯಾಕೆ ಎಂದು ತೆಗೆದಿಡಲು ಹೋದೆ. ಅಪ್ಪ ಬಿಡಲಿಲ್ಲ.

ನಾಲ್ಕೈದು ಚಮಚ ತಿಂದರು, ಅರ್ಧ ಗಲ್ಲಕ್ಕೆ. ಆಮೇಲೆ ನಿಲ್ಲಿಸಿದರು. ಚಮಚವನ್ನು ತಟ್ಟೆಯೊಳಗೆ ಇಟ್ಟರು. ಮುಟ್ಟದೇ ಇದ್ದ ಫೋರ್ಕನ್ನು ಎತ್ತಿ, ನಡುಗುವ ಬೆರಳಲ್ಲಿ, ಚಮಚದ ಪಕ್ಕಕ್ಕೆ ಜೋಡಿಸಿದರು. ಹಿಡಿ ತಮ್ಮ ಕಡೆಗೆ. ಸರಿಯಾಗಲಿಲ್ಲ ಎಂದು ಮತ್ತೊಮ್ಮೆ ಸರಿಪಡಿಸಿದರು. ನಂತರ ನನ್ನನ್ನು ನೋಡಿದರು.

ನಿನ್ನೆಯೂ ಹೀಗೇ ಮಾಡಿದ್ದರು. ಮೊನ್ನೆಯೂ. ಅಭ್ಯಾಸಬಲ ಅಂದುಕೊಂಡಿದ್ದೆ.

ಇವತ್ತು ಆ ನೋಟ. ಹೂಂ ಕೈಕೊಟ್ಟಿರಬಹುದು. ಕೈ ಸುಳ್ಳು ಹೇಳುತ್ತಿಲ್ಲ. ಮೂವತ್ತು ವರ್ಷದ ಕೈ.

ತಟ್ಟೆ ತೆಗೆದೆ. ತಡೆಯಲಿಲ್ಲ. ನೋಡುತ್ತಲೇ ಇದ್ದರು.

ಜುಲೈ ೮, ಸೋಮವಾರ

ತಿನ್ನುತ್ತಿರುವುದು ಜೀವಕ್ಕೆ ಸಾಲದು. ಮೂಗಿನಿಂದ ಹೊಟ್ಟೆಗೆ ಟ್ಯೂಬ್ ಹಾಕಬಹುದು, ಅದರಲ್ಲಿ ಆಹಾರ — ಡಾಕ್ಟರಮ್ಮ ಹೇಳಿದರು. ಹಾಕಿದರೆ ತಿಂಗಳುಗಳು, ವರ್ಷವೂ ಇರಬಹುದು, ಹೀಗೆಯೇ. ಹಾಕದಿದ್ದರೆ ಬಾಯಲ್ಲಿ ಹೋದಷ್ಟು, ಇದ್ದಷ್ಟು ದಿನ. ಎರಡನ್ನೂ ಜನ ಮಾಡುತ್ತಾರೆ. ನೀವು ಮನೆಯವರು ಯೋಚಿಸಿ.

ಅಣ್ಣನಿಗೆ ಯೋಚಿಸುವುದೇನಿರಲಿಲ್ಲ.

"ಹಾಕ್ಸೋದೇ. ಹೊಟ್ಟೆಗಿಲ್ಲದೆ ಹೇಗೆ ಬಿಡೋದು?"

"ಅಪ್ಪ ಬೇಡ ಅಂತಿದಾರೆ ಅಣ್ಣ."

"ಯಾವಾಗ ಅಂದ್ರು? ನಂಗೆ ಎಲ್ಲದಕ್ಕೂ ಹೂಂ ಅಂತಾರೆ."

ಮಧ್ಯಾಹ್ನದ ಟ್ರೇ ಬರುವವರೆಗೆ ಅವನನ್ನು ನಿಲ್ಲಿಸಿಕೊಂಡೆ. ಅಪ್ಪ ಮೂರು ಚಮಚ ತಿಂದರು. ನಿಲ್ಲಿಸಿದರು. ಚಮಚ. ಫೋರ್ಕು. ಜೋಡಿ.

"ಇದು," ಅಂದೆ. "ಮುಗೀತು ಅಂತ ಇದರ ಅರ್ಥ. ತೆಗೀರಿ ಅಂತ. ನಮಗೆ ಮೆಸ್ಸಲ್ಲಿ ಮೊದ್ಲು ಕಲಿಸೋದೇ ಇದು. ಅಪ್ಪ ಜೀವನಪೂರ್ತಿ ಓದಿದ್ದು ಇದನ್ನೇ. ಈಗ ನನಗೆ ಓದಕ್ಕೆ ಕೊಡ್ತಿದಾರೆ."

ಅಣ್ಣ ತಟ್ಟೆಯನ್ನೇ ನೋಡಿದ. "ಚಮಚ ಇಟ್ಟದ್ದು ಇದು. ಇಷ್ಟರಲ್ಲಿ ಅಷ್ಟೆಲ್ಲ ಇದೆಯಾ?"

"ಇದೆ."

"ನೀನು ಕವಿತೆಗೂ ಹೀಗೇ ಹೇಳ್ತಿದ್ದೆ."

ತಮಾಷೆಗೆ ಅಂದದ್ದಲ್ಲ. ಕುಟುಕಲೂ ಅಲ್ಲ. ಸುಮ್ಮನೆ, ಗೊತ್ತಾಗದೆ.

ಜುಲೈ ೯, ಮಂಗಳವಾರ

ಆಸ್ಪತ್ರೆಯ ಕ್ಯಾಂಟೀನು. ಅಣ್ಣ ಚಹಾ ಆರಲು ಬಿಟ್ಟಿದ್ದ.

"ಸರಿ ಪುಟ್ಟಿ. ಟ್ಯೂಬ್ ಬೇಡ. ನಾನು ವರ್ಷಕ್ಕೆರಡು ಸಲ ಬಂದು ಹೋಗೋನು. ಅವರ ಜೊತೆ ಇದ್ದವಳು ನೀನು. ಅವರ ಭಾಷೆ ನಿಂಗೆ ಬರತ್ತೆ ಅಂದ್ರೆ... ಬರತ್ತೆ."

ಅತ್ತ. ಅರವತ್ತಾಗುತ್ತ ಬಂದ ಗಂಡಸು, ಪೇಪರ್ ಕಪ್ಪಿನ ಹಿಂದೆ. ಅಳು ನನಗೂ ಬಂತು, ಆದರೆ ಒಳಗೆ ಒಂದು ಸಮಾಧಾನವೂ ಇತ್ತು. ಅಪ್ಪ ಹೇಳಿದ್ದನ್ನು ಕೇಳಿಸಿಕೊಂಡೆ. ಜಗತ್ತಿನಲ್ಲಿ ನಾನೊಬ್ಬಳೇ.

ಜುಲೈ ೧೪, ಭಾನುವಾರ. ಮನೆ

ಮನೆಗೆ ಬಂದಿದ್ದೇವೆ. ಮಂಚ ಹಾಲಿಗೆ ತಂದು ಕಿಟಕಿಯ ಪಕ್ಕ ಹಾಕಿದೆವು. ಬಾಯಿಂದ ಹೋದಷ್ಟು. ಇವತ್ತು ಆರು ಚಮಚ, ಸಂಜೆ ಎರಡು.

ಅಣ್ಣ ರಜೆ ಹಾಕಿ ಇಲ್ಲೇ ಇದ್ದಾನೆ. ನೆಂಟರ ಫೋನುಗಳಿಗೆಲ್ಲ ಅವನದೇ ಉತ್ತರ. ಒಳಗಿಂದ ಕೇಳಿಸುತ್ತದೆ: "ಇಲ್ಲ ಚಿಕ್ಕಮ್ಮ, ಅಪ್ಪನೇ ಹೇಳಿದ್ರು. ಚಮಚ ಜೋಡಿಸಿಟ್ಟು ಹೇಳಿದ್ರು. ನನ್ನ ತಂಗಿ ಓದಿದ್ಳು." ದನಿಯಲ್ಲಿ ಹೆಮ್ಮೆ. ಸಂಕಟಕ್ಕೆ ಒರಗಿಕೊಳ್ಳಲು ಒಂದು ಗೋಡೆ ಸಿಕ್ಕಂತೆ.

ನಾಳೆಯಿಂದ ನನಗೆ ಡ್ಯೂಟಿ, ಅರ್ಧ ದಿನ. ಚೀಫ್ ಹೇಗೋ ಹೊಂದಿಸಿದ್ದಾರೆ.

ಜುಲೈ ೨೨, ಸೋಮವಾರ. ಮಧ್ಯಾಹ್ನ, ಪ್ಯಾಂಟ್ರಿ

ಮನೆಗೆ ಹೋಗುವವರೆಗೆ ಕಾಯಲಾಗಲಿಲ್ಲ. ಇಲ್ಲೇ ಬರೆಯುತ್ತಿದ್ದೇನೆ.

ಮುಂದಿನ ತಿಂಗಳು ಮೆಸ್ ನೈಟ್, ಆಫೀಸರುಗಳ ವಿಧ್ಯುಕ್ತ ಔತಣ; ನನ್ನ ಮೊದಲನೆಯದು. ಆಮೇಲೆ ಟ್ರೇನಿಗಳನ್ನು ಒಂದು ದಿನ ಹಡಗಿಗೆ ಕರೆದುಕೊಂಡು ಹೋಗುತ್ತಾರೆ. ಅದಕ್ಕೆ ಚೀಫ್ ಪಾಠ ತೆಗೆದುಕೊಂಡರು. ಅಂದರೆ ಕಥೆ ಹೇಳಿದರು. ಅಲೆ ಎದ್ದಾಗ ಮೇಜುಬಟ್ಟೆಗೆ ನೀರು ಚಿಮುಕಿಸಿ ಒದ್ದೆ ಮಾಡುವುದು, ತಟ್ಟೆ ಜಾರದಂತೆ. ಸೂಪನ್ನು ಅರ್ಧ ಬಟ್ಟಲಿಗಿಂತ ಹೆಚ್ಚು ಹಾಕದಿರುವುದು. ಪಟಾಕಿ ನಗುತ್ತಿದ್ದಳು, ನಾನೂ.

"ಚಮಚ ಗಿಮಚ ಅಂತೂ ಹೊರಗಡೆ ಇಡೋ ಹಾಗೇ ಇಲ್ಲ. ಅಡ್ಡ ಇಟ್ರೂ ಹಾರಿ ಹೋಗತ್ತೆ. ನಮ್ಮ ಹಡಗಲ್ಲಿ ರೂಲೇ ಇತ್ತು, ಕೈ ಬಿಟ್ಟಾಗೆಲ್ಲ ಎರಡೂ ಜೋಡಿಸಿ ತಟ್ಟೆ ಒಳಗೆ. ಒಂದು ಗುಟುಕು ನೀರು ಕುಡೀಬೇಕಾದ್ರೂ ಹಾಗೇ. ಆಫೀಸರ್ಸ್ ಅಷ್ಟೇ ಅಲ್ಲ, ನಾವು ಕೆಳಗೆ ಊಟ ಮಾಡುವಾಗ್ಲೂ. ಕೈಗೆ ಹತ್ತಿಬಿಟ್ಟಿತ್ತು."

ಪಟಾಕಿ ಕೇಳಿದಳು: "ಮತ್ತೆ ಮುಗೀತು ಅಂತ ಹೇಗೆ ಗೊತ್ತಾಗ್ತಿತ್ತು?"

"ನ್ಯಾಪ್ಕಿನ್ ತಟ್ಟೆ ಮೇಲೆ ಹಾಕಿದ್ರೆ ಮುಗೀತು. ಹಾಕೋ ತನಕ ತಟ್ಟೆ ಮುಟ್ಟೋ ಹಾಗಿಲ್ಲ. ಹೊಸದ್ರಲ್ಲಿ ನಾನು ಒಂದ್ಸಲ ದಡದ ಲೆಕ್ಕದಲ್ಲಿ ತೆಗೆದುಬಿಟ್ಟೆ. ದೊಡ್ಡ ಚೀಫ್ ಪ್ಯಾಂಟ್ರಿಗೆ ಎಳ್ಕೊಂಡು ಹೋಗಿ ಕಿವಿ ಹಿಂಡಿದ್ರು ನೋಡಿ — 'ತಿನ್ನೋನ ಮುಂದಿನ ತಟ್ಟೆ ಕಿತ್ಕೋತೀಯೇನೋ?' ಅಂತ."

ಎಲ್ಲರೂ ನಕ್ಕರು.

ಅದು ದಡದ ಭಾಷೆ ಕಣೇ. ಬೆರಳೆತ್ತಿದ್ದರು. ಹೇಳಲಿದ್ದರು. ನಾನು ಅದನ್ನು ರೂಪಕ ಮಾಡಿಕೊಂಡೆ. ಅವರು ಹೇಳಿದ್ದು ಬರೀ ಒಂದು ಸಂಗತಿ. ಹಡಗಿನಲ್ಲಿ ಬೇರೆ ಥರ, ಅಷ್ಟೇ.

ಚೀಫ್ ನನ್ನ ಮುಖ ನೋಡಿದರು. ಪ್ಯಾಂಟ್ರಿಗೆ ಕರೆದು ಕೂರಿಸಿದರು. ಹೇಳಿದೆ, ಎಲ್ಲ. ಅವರ ಮುಖದ ಬಣ್ಣವೇ ಇಳಿದುಹೋಯಿತು.

"ಇಲ್ಲ ಮೇಡಂ, ಇಲ್ಲ... ಅವರು ಹಡಗು ಬಿಟ್ಟು ಎಷ್ಟು ವರ್ಷ ಆಯ್ತು. ಯಾವ ಅಭ್ಯಾಸ ಉಳ್ಕೊಂಡಿದ್ಯೋ ಯಾರು ಕಂಡ್ರು. ನಾನು ಸುಮ್ನೆ ಹಳೇ ಕಥೆ... ನಾನ್ಯಾಕೆ ಬಾಯಿ ಬಿಟ್ಟೆ."

"ಅವರಿಗೆ ನ್ಯಾಪ್ಕಿನ್ ಕೊಟ್ಟಿರ್ಲೇ ಇಲ್ಲ ಚೀಫ್. ಆಸ್ಪತ್ರೇಲಿ ಪೇಪರ್ ಇರತ್ತೆ, ಅದನ್ನ ಕುತ್ತಿಗೆಗೆ ಸಿಕ್ಕಿಸಿರ್ತಾರೆ."

ಚೀಫ್ ಎದ್ದರು. ಬಾಗಿಲು ಮುಂದೆ ಮಾಡಿ ಹೊರಗೆ ನಿಂತಿದ್ದಾರೆ, ಯಾರೂ ಬರದಂತೆ.

ಅದೇ ದಿನ, ಸಂಜೆ

ದಾರಿಯುದ್ದಕ್ಕೂ ಒಂದೇ ಯೋಚನೆ — ಹೇಳದಿದ್ದರೆ? ಅಪ್ಪ ನಿದ್ದೆಯಲ್ಲೇ ಸಣ್ಣಗಾಗುತ್ತಿದ್ದಾರೆ. ಅಣ್ಣನಿಗೆ ಆ ಗೋಡೆ ಸಿಕ್ಕಿದೆ. ನಾನೊಬ್ಬಳೇ ಹೊತ್ತುಕೊಂಡರೆ ಮುಗಿಯಿತು.

ಅಣ್ಣ ಅಪ್ಪನ ತುಟಿಗೆ ಒದ್ದೆ ಹತ್ತಿ ಒತ್ತುತ್ತಿದ್ದ. ನೋಡಿದ ಕೂಡಲೇ ಹೇಳಿದೆ. ಚಪ್ಪಲಿ ಕೂಡ ಬಿಚ್ಚದೆ.

ಅರ್ಥವಾಗಲು ಹೊತ್ತು ಹಿಡಿಯಿತು ಅವನಿಗೆ.

"ಅಂದ್ರೆ ಅದು ಮುಗೀತು ಅಂತ ಅಲ್ಲ."

"ಗೊತ್ತಿಲ್ಲ. ಇರಬಹುದು, ಇಲ್ದೇ ಇರಬಹುದು. ಸ್ವಲ್ಪ ಸುಧಾರಿಸ್ಕೊತೀನಿ, ಇರು ಅಂತಲೂ ಇರಬಹುದು."

"ಅಂದ್ರೆ..." ಹತ್ತಿಯನ್ನು ಬೆರಳಲ್ಲಿ ಹಿಂಡಿದ. "ಅಂದ್ರೆ ಅಪ್ಪ ಹಸ್ಕೊಂಡಿದ್ರಾ?"

ನಾನು ಆಗ ಚಪ್ಪಲಿ ಬಿಚ್ಚಿಟ್ಟೆ.

ಬೈಯಲಿಲ್ಲ ಅವನು. ಬೈದಿದ್ದರೆ ಚೆನ್ನಾಗಿತ್ತು. ಎದ್ದುಹೋಗಿ ಮುಖ ತೊಳೆದು ಬಂದ. ಮಂಚದ ಪಕ್ಕ ಬಾಗಿ, ಕಿವಿ ಕೇಳದವರಿಗೆ ಹೇಳುವ ಹಾಗೆ ಜೋರಾಗಿ:

"ಅಪ್ಪಾ! ಟ್ಯೂಬ್ ಹಾಕ್ಸೋಣ್ವಾ? ಊಟ ಬೇಕಾ?"

ಹೂಂ.

"ಬೇಡ್ವಾ ಅಪ್ಪಾ?"

ಹೂಂ.

ಒಂದು ಬಟ್ಟೆಯ ನ್ಯಾಪ್ಕಿನ್, ಒಂದು ಫೋರ್ಕು ತಂದಿದ್ದೆ ಮೆಸ್ಸಿನಿಂದ. ಗಂಜಿ, ಚಮಚ, ಫೋರ್ಕು, ಎಡಗೈಯ ಪಕ್ಕ ನ್ಯಾಪ್ಕಿನ್. ಎಲ್ಲ ಕ್ರಮವಾಗಿ ಇಟ್ಟೆ, ಕೈ ನಡುಗದೆ. ಅಪ್ಪ ಚಮಚ ಎತ್ತಲು ನೋಡಿದರು. ಬೆರಳು ಮುಚ್ಚಲಿಲ್ಲ. ಹೋದ ವಾರ ಮುಚ್ಚುತ್ತಿತ್ತು.

ಜುಲೈ ೨೪, ಬುಧವಾರ

ಟ್ಯೂಬ್ ಹಾಕಿದರು. ಡಾಕ್ಟರಮ್ಮನಿಗೆ ನಡೆದದ್ದನ್ನು ಹೇಳಿದೆ. "ಆವತ್ತೂ ನೀವು ಅವರು ಹೇಳಿದ್ದನ್ನೇ ಕೇಳೋಕೆ ನೋಡಿದ್ರಿ. ಇವತ್ತೂ ಅಷ್ಟೇ," ಅಂದರು. ದೇಹ ತೀರ ಸೋತಿದೆ, ಈಗ ಎಷ್ಟು ಒಗ್ಗುತ್ತದೋ ನೋಡಬೇಕು ಎಂದರು.

ಹಾಕುವಾಗ ಹೊರಗೆ ನಿಲ್ಲಿಸಿದರು. ಬಾಗಿಲ ಸಂದಿಯಿಂದ ಅಪ್ಪನ ಎಡಗಾಲು ಕಾಣುತ್ತಿತ್ತು. ಹಾಸಿಗೆಯನ್ನು ಒದೆಯುತ್ತಿತ್ತು. ಗಂಟಲಿಗೆ ಏನು ತುರುಕಿದರೂ ಯಾರಾದರೂ ಒದೆಯುತ್ತಾರೆ. ಅದನ್ನು ಓದಬಾರದು. ಓದಬಾರದು ಎಂದುಕೊಳ್ಳುತ್ತಲೇ ನೋಡಿದೆ.

ಕಿತ್ತುಕೊಳ್ಳಬಾರದೆಂದು ಎಡಗೈಗೆ ದಪ್ಪ ಬಟ್ಟೆಯ ಚೀಲದಂಥ ಗವಸು ತೊಡಿಸಿದ್ದಾರೆ. ಉಳಿದಿದ್ದ ಒಂದೇ ಕೈ.

ಆಗಸ್ಟ್ ೬, ಮಂಗಳವಾರ

ಮನೆ. ಎರಡು ಗಂಟೆಗೊಮ್ಮೆ ಟ್ಯೂಬಿನಲ್ಲಿ ಆಹಾರ. ಸಿರಿಂಜನ್ನು ಎತ್ತರಕ್ಕೆ ಹಿಡಿದರೆ ತಾನಾಗಿ ಇಳಿಯುತ್ತದೆ. ಅವಸರ ಮಾಡಬಾರದು, ತಳ್ಳಬಾರದು. ನರ್ಸು ಒಂದೇ ಸಲ ತೋರಿಸಿದ್ದು, ನನಗೆ ಬಂದುಬಿಟ್ಟಿತು. ಚೆಲ್ಲುವುದಿಲ್ಲ. ಇದಕ್ಕೆ ಬಡಿಸುವುದು ಎನ್ನಬಹುದೋ ಗೊತ್ತಿಲ್ಲ. ಬೇರೆ ಪದ ಸಿಗುತ್ತಿಲ್ಲ.

ಅಪ್ಪನ ಕೆನ್ನೆಗೆ ಸ್ವಲ್ಪ ಬಣ್ಣ ಬಂದಿದೆ. ಅಣ್ಣ ಫೋನಿನಲ್ಲಿ ಈಗ "ಸುಧಾರಿಸ್ತಿದಾರೆ" ಎನ್ನುತ್ತಾನೆ, ಇನ್ನೇನೂ ಹೇಳುವುದಿಲ್ಲ. ನನ್ನ ಜೊತೆ ಮೊದಲಿನಂತೆಯೇ ಇದ್ದಾನೆ. ಮತ್ತೆ ಮತ್ತೆ ಚಹಾ ಮಾಡಿಕೊಡುತ್ತಾನೆ. ಅದೇ ಕಷ್ಟ.

ನಾಳೆ ಮೆಸ್ ನೈಟ್. ನಲವತ್ತು ಜನ. ಮುಖ್ಯ ಅತಿಥಿ ಕೂರುವ ತುದಿಗೆ ಬಡಿಸುವುದನ್ನು ನನಗೆ ಕೊಟ್ಟಿದ್ದಾರೆ. "ನಿಮ್ಮ ಕೈಲಿ ಆಗತ್ತೆ ಮೇಡಂ," ಅಂದರು ಚೀಫ್. ಬೇಡ ಎನ್ನೋಣ ಎಂದುಕೊಂಡೆ, ಎನ್ನಲಿಲ್ಲ. ಕಪ್ಪು ಸೀರೆ, ಬಿಳಿ ಕೈಗವಸು. ಇಸ್ತ್ರಿ ಮಾಡಿ ಕುರ್ಚಿಗೆ ಹಾಕಿದ್ದೇನೆ. ಅಪ್ಪ ಕೈಗವಸನ್ನು ಬಹಳ ಹೊತ್ತು ನೋಡಿದರು. ಹಾಕಿಕೊಂಡು ತೋರಿಸಿದೆ. ಬೆರಳುಗಳನ್ನು ಒಂದೊಂದಾಗಿ ನೋಡಿದರು.

ಇವತ್ತು ನಾಲ್ಕರ ಫೀಡ್‌ಗೆ ಮೊದಲು ಅವರ ಬಟ್ಟೆಯ ಗವಸು ಬಿಚ್ಚಿದೆ. ಒಳಗೆ ಬೆವರಿ ಚರ್ಮ ಬಿಳಿಚಿಕೊಂಡಿತ್ತು. ಒರೆಸಿ, ಗಾಳಿಯಾಡಲಿ ಎಂದು ಹಾಗೇ ಬಿಟ್ಟೆ. ಸಿರಿಂಜು ಎತ್ತಿ ಹಿಡಿದೆ. ಅರ್ಧ ಇಳಿದಿತ್ತು.

ಕೈ ಬಂತು. ನಿಧಾನಕ್ಕೆ, ಹೊದಿಕೆಯ ಮೇಲಿಂದ ತೆವಳಿಕೊಂಡು. ಟ್ಯೂಬಿಗೆ ಹೋಗುತ್ತದೇನೋ ಎಂದುಕೊಂಡೆ. ಹೋಗಲಿಲ್ಲ. ನನ್ನ ಮಣಿಕಟ್ಟು ಹಿಡಿಯಿತು. ಬೆರಳು ಮುಚ್ಚಿದವು — ಇಷ್ಟು ಬಲ ಎಲ್ಲಿತ್ತೋ. ಕಣ್ಣು ನನ್ನ ಮೇಲೇ. ಕೆಳಕ್ಕೆ ಎಳೆಯುತ್ತಿದ್ದರೋ, ಮೇಲೇ ಇರಲಿ ಎಂದು ಆನಿಸಿ ಹಿಡಿದಿದ್ದರೋ. ಬೇಡ ಎಂದೋ, ಬಿಡಬೇಡ ಎಂದೋ. ಅಥವಾ ಬರೀ ಹಿಡಿದುಕೊಂಡದ್ದು, ಮಗಳ ಕೈ ಎಂದು.

ಅಣ್ಣ ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದಲೋ.

"ಏನಂತಿದಾರೆ?" ಎಂದ.

ಕೈ ಬಿಡಿಸಿಕೊಳ್ಳಲಿಲ್ಲ. ಸಿರಿಂಜು ಇಳಿಸಲೂ ಇಲ್ಲ. ತೋಳು ಸೋಲುತ್ತಿತ್ತು. ಅಣ್ಣನ ಕಡೆ ತಿರುಗದೆಯೇ ಹೇಳಿದೆ, ಅಪ್ಪ ಕೈ ಹಿಡ್ಕೊಂಡಿದಾರೆ, ಅಷ್ಟೇ ಅಂತ.